ಹಿಟ್ಟಿನ ಯಂತ್ರಕ್ಕೆ ಆರಿಸಿದ ಕಾಂಟ್ಯಾಕ್ಟರ್

ಮನೆ ಅಳಿಯನಾಗಿರುವುದೇ ಸಾಕಷ್ಟು ಕಷ್ಟ. ಆ ಮಾವನೇ ಕಾರ್ಖಾನೆಯಲ್ಲಿ ಮೇಲ್ವಿಚಾರಕನೂ ಆಗಿಬಿಟ್ಟರೆ ಉಸಿರಾಡಲೂ ಅಪ್ಪಣೆ ಬೇಕು. ಬ್ರೆಡ್ ಕಾರ್ಖಾನೆಯ ಎಲೆಕ್ಟ್ರಿಷಿಯನ್ನನ ಪಾಡು ಇದೇ ಆಗಿತ್ತು. ಬೆಳಿಗ್ಗೆ ಮಾವನ ಸ್ಕೂಟರಿನ ಹಿಂದೆ ಕೂತು ಬರುವುದು, ಸಂಜೆ ಅದೇ ಸ್ಕೂಟರಿನ ಹಿಂದೆ ಕೂತು ಹೋಗುವುದು, ನಡುವೆ ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದು.

ಮೂರು ತಿಂಗಳ ಹಿಂದೆ ಹಿಟ್ಟು ನಾದುವ ಯಂತ್ರದ ಕಾಂಟ್ಯಾಕ್ಟರ್ ಸುಟ್ಟಿತ್ತು. ಬಟನ್ ಒತ್ತಿದರೆ ಮೋಟಾರಿಗೆ ಕರೆಂಟು ಕೊಟ್ಟು, ಬಿಟ್ಟರೆ ತಪ್ಪಿಸುವ ಪೆಟ್ಟಿಗೆ ಅದು. ಹೊಸದನ್ನು ಆರಿಸಿದವನು ಅಳಿಯನೇ. ಮೋಟಾರಿನ ಮೇಲಿನ ತಗಡು ನೋಡಿದ, ಹತ್ತು ಎಚ್‌ಪಿ ಅಂತಿತ್ತು, ಕಂಪನಿಯ ಪಟ್ಟಿಯಲ್ಲಿ ಹತ್ತರ ಎದುರಿಗಿದ್ದದ್ದನ್ನು ತರಿಸಿ ಕೂರಿಸಿದ. ಹಳೆಯದರ ಅರ್ಧದಷ್ಟೇ ಗಾತ್ರ. “ನಮ್ಮ ಅಳಿಯ ನೋಡಿದ್ರೆ ಮುಗೀತು” ಎಂದು ಮಾವ ಮಾಲೀಕರ ಮುಂದೆ ಮೀಸೆ ತಿರುವಿದ.

ತಗಡು ನೋಡಿದ ಪುಣ್ಯಾತ್ಮ, ಬಟನ್ ಒತ್ತುವ ಬೆರಳನ್ನು ನೋಡಿರಲಿಲ್ಲ. ಆ ಬೆರಳು ಅದೇ ಕಾರ್ಖಾನೆಯಲ್ಲಿ ಹಿಟ್ಟು ನಾದುತ್ತಿದ್ದ ಅವನ ಸ್ವಂತ ಅಕ್ಕನದು. ಯಂತ್ರದ ನಾದುವ ತೋಳಿಗೆ ಮೆತ್ತಿದ ಹಿಟ್ಟು ಕೆರೆಯಬೇಕಾದರೆ ತೋಳು ಮೇಲೆ ಬರಬೇಕು. ಅದಕ್ಕೆ ಅಕ್ಕ ಟಕ್, ಟಕ್, ಟಕ್ ಎಂದು ಬಟನ್ ಒತ್ತಿ ಒತ್ತಿ ಬಿಡುತ್ತಿದ್ದಳು, ದಿನಕ್ಕೆ ನೂರಾರು ಸಲ. ಮೋಟಾರು ಹೊರಡುವಾಗ ಎಳೆಯುವ ಕರೆಂಟು ಓಡುವಾಗಿನದರ ಆರು ಪಟ್ಟು. ಪ್ರತಿ ಟಕ್ಕಿಗೂ ಆ ಹೊಡೆತ ತಿನ್ನಲು ದೊಡ್ಡ ಕಾಂಟ್ಯಾಕ್ಟರೇ ಬೇಕಿತ್ತು.

ಸೋಮವಾರ ಕಾಂಟ್ಯಾಕ್ಟರಿನ ಮುಚ್ಚಳ ತೆಗೆದು ನೋಡಿದ. ಒಳಗಿನ ಬೆಳ್ಳಿಯ ಬಿಲ್ಲೆಗಳು ಕರಗಿ ಗಂಟುಗಟ್ಟಿದ್ದವು. ಮೂರು ಜೋಡಿಯಲ್ಲಿ ಒಂದು ಕಚ್ಚಿಕೊಂಡೇ ಇತ್ತು, ಸ್ಕ್ರೂಡ್ರೈವರಿನಿಂದ ಮೀಟಿ ಬಿಡಿಸಿದ. ಮೂರೂ ಜೋಡಿ ಕಚ್ಚಿಕೊಂಡ ದಿನ ಬಟನ್ ಬಿಟ್ಟರೂ ತೋಳು ತಿರುಗುತ್ತಲೇ ಇರುತ್ತದೆ.

ಮಾವನಿಗೆ ಹೇಳಿದ.

“ಹತ್ತು ದಿನ ಬಾಯಿ ಮುಚ್ಕೊಂಡಿರು, ಆಮೇಲೆ ಸದ್ದಿಲ್ದೆ ಬದಲಾಯ್ಸೋಣ” ಎಂದ ಮಾವ. “ನಿನ್ನ ಹೊಗಳಿ ಹೊಗಳಿ ನನ್ನ ಬಾಯಿ ನೋಯ್ತಿದೆ. ಈಗ ಹೋಗಿ ತಪ್ಪಾಯ್ತು ಅನ್ಲಾ? ಮುಚ್ಚಳ ಹಾಕು.”

ಹಾಕಿದ. ಹಿಟ್ಟಿನ ತೊಟ್ಟಿಯೊಳಗೆ ಕೈಯಿಡುವ ಮೊದಲು ಗೋಡೆಯ ಮೇನ್ ಸ್ವಿಚ್ ಆಫ್ ಮಾಡುವುದು ಅಕ್ಕನ ಹಳೆಯ ಅಭ್ಯಾಸ, ಹಾಗಾಗಿ ಏನೂ ಆಗಲಾರದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೂ ರಾತ್ರಿ ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ. ಎದುರಿಗೆ ಮಾವ ಚಪ್ಪರಿಸಿಕೊಂಡು ಉಣ್ಣುತ್ತಿದ್ದ. ಹೆಂಡತಿ “ಏನಾಯ್ತು?” ಎಂದರೆ ಮಾವನೇ “ಏನಿಲ್ಲ” ಎಂದು ಉತ್ತರ ಕೊಟ್ಟ. ಮನೆಗೂ ಕಾರ್ಖಾನೆಗೂ ಒಂದೇ ಬಾಗಿಲು, ಅದರ ಚಿಲಕ ಮಾವನ ಕೈಯಲ್ಲಿ ಎನ್ನಿಸಿ ಅವನಿಗೆ ಅಳು ಬಂತು.

ಗುರುವಾರ ತಡೆಯಲಾರದೆ ಹಿಟ್ಟಿನ ಕೋಣೆಗೆ ಹೋದ. ಅಕ್ಕನ ಎಡಗೈ ಬಟನ್ನಿನ ಮೇಲಿತ್ತು, ಬಲಗೈ ಮೊಣಕೈವರೆಗೂ ತೊಟ್ಟಿಯ ಒಳಗಿತ್ತು. ಟಕ್. ಯಂತ್ರದ ತೋಳು ಅವಳ ಬೆರಳ ಪಕ್ಕದಲ್ಲೇ ಸರಿಯಿತು.

“ಅಕ್ಕಾ, ಕೈ ತೆಗಿ! ಮೇನ್ ಯಾಕೆ ಆಫ್ ಮಾಡಿಲ್ಲ?”

ಅಕ್ಕ ಕೈ ಹೊರಗೆ ತೆಗೆದು ನಕ್ಕಳು. “ಹಳೇದಿದ್ದಾಗ ಹೆದರ್ಕೊಂಡು ಮಾಡ್ತಿದ್ದೆ ಕಣೋ. ಇದು ನನ್ನ ತಮ್ಮ ಹಾಕಿದ್ದು, ಇನ್ನೇನು ಭಯ? ಗೋಡೆವರೆಗೂ ನಡೆಯೋ ಕೆಲಸ ಉಳೀತು.”

ಅವನು ಗೋಡೆಯ ಬಳಿ ಹೋಗಿ ಮೇನ್ ಎಳೆದ, ಅದಕ್ಕೆ ತನ್ನ ಸಲಕರಣೆ ಪೆಟ್ಟಿಗೆಯ ಬೀಗ ಜಡಿದ. ಹಿಟ್ಟಿನ ಕೆಲಸ ನಿಂತಿತು. ಮಾವ ಓಡೋಡಿ ಬಂದ.

“ಯಾರೋ ನಿಲ್ಲಿಸಿದ್ದು?”

“ನಾನೇ ಮಾವ. ಕಾಂಟ್ಯಾಕ್ಟರ್ ತಪ್ಪು ಆರಿಸಿದ್ದೂ ನಾನೇ, ಬಟನ್ ಬಿಟ್ರೂ ತೋಳು ನಿಲ್ದೇ ಹೋಗ್ಬಹುದು. ಮಾಲೀಕರಿಗೆ ನಾನೇ ಹೇಳ್ತೀನಿ.”

ಮಾವ ದನಿ ತಗ್ಗಿಸಿದ. “ಬೀಗ ತೆಗಿ. ಸಂಜೆ ಮನೇಗೆ ಬರ್ಬೇಕೋ ಬೇಡ್ವೋ?”

ಅವನು ಕೀಲಿಯನ್ನು ಅಕ್ಕನ ಹಿಟ್ಟು ಮೆತ್ತಿದ ಅಂಗೈಯಲ್ಲಿಟ್ಟ. “ಸರಿಯಾದ್ದು ಬರೋವರೆಗೂ ನಿನ್ ಹತ್ರಾನೇ ಇರ್ಲಿ.”

ಅಕ್ಕ ಕೀಲಿ ನೋಡಿದಳು. ಆಮೇಲೆ ತನ್ನ ಐದು ಬೆರಳನ್ನು ನೋಡಿಕೊಂಡಳು. ಮುಖದ ನಗು ಹೋಗಿತ್ತು.

“ಯಾವತ್ತಿಂದ ಗೊತ್ತಿತ್ತು ನಿಂಗೆ?”

“ಸೋಮವಾರದಿಂದ.”

ಅಕ್ಕ ಮುಷ್ಟಿ ಮುಚ್ಚಿದಳು.