ಬರಿಗಿವಿಯ ಬುದ್ಧ

ನನ್ನ ಗಂಡ ಹೇರಾಕಾಜಿಯ ಕೈಯಿಂದ ಒಡವೆ ತೊಡಿಸಿಕೊಳ್ಳದ ದೇವತೆ ನಮ್ಮ ಪಾಟನ್ ಪಟ್ಟಣದಲ್ಲಿ ಯಾರೂ ಇರಲಿಕ್ಕಿಲ್ಲ. ಲಕ್ಷ್ಮಿಗೆ ಡಾಬು, ದುರ್ಗೆಗೆ ತೋಳಬಂದಿ, ಪಾರ್ವತಿಯ ಪಕ್ಕ ಕೂತ ಶಿವನಿಗೂ ಬಿಡದೆ ಕಂಠೀಹಾರ. ತಾರಾದೇವಿಗಂತೂ ಕಾಲಿನ ಕಿರುಬೆರಳಿಗೂ ಉಂಗುರ. ಲೋಹದ ಎರಕ ಹೊಯ್ಯುವ ಮೊದಲು ಮಾಡುವ ಮೇಣದ ಮೂರ್ತಿಗೆ ಮೇಣದ ಎಳೆ ಹೊಸೆದು ಅಂಟಿಸುತ್ತ ಕೂತರೆ ನಮ್ಮವರಿಗೆ ಊಟದ ನೆನಪೂ ಇಲ್ಲ, ಹೆಂಡತಿಯ ನೆನಪೂ ಇಲ್ಲ.

ಹೆಂಡತಿಯ ಕಿವಿ ಮಾತ್ರ ಬರಿದು. ಮದುವೆಯಾದ ಹೊಸದರಲ್ಲಿ ಒಂದು ತಾರೆಯ ಮೂರ್ತಿಗೆ ಬಂಗಾರ ಸಾಲದೆ ಬಂತು. ಈ ಮಹಾಶಯರು ನನ್ನೆದುರು ತಲೆ ಕೆರೆಯುತ್ತ ನಿಂತರು. ನನ್ನ ತಾಯಿ ಕೊಟ್ಟಿದ್ದ ಓಲೆ, ಕಿವಿ ಜೋತುಬೀಳುವಷ್ಟು ಭಾರದ್ದು. ಬಿಚ್ಚಿಕೊಟ್ಟೆ. ಅದನ್ನು ಪಾದರಸದಲ್ಲಿ ಕಲಸಿ ತಾರೆಯ ಮುಖಕ್ಕೆ ಬಳಿದು ಬೆಂಕಿ ತೋರಿಸಿದರು. ಪಾದರಸ ಹಾರಿಹೋಯಿತು, ನನ್ನ ಓಲೆ ಅವಳ ಕೆನ್ನೆಗೆ ಹತ್ತಿಕೊಂಡಿತು. "ಬರೋ ವರ್ಷ ಹೊಸದು ಮಾಡ್ಕೊಡ್ತೀನಿ ಕಣೇ" ಅಂದಿದ್ದರು. ಆ ಬರೋ ವರ್ಷ ಇನ್ನೂ ಬಂದಿಲ್ಲ. ತಾರೆಯ ಗುಡಿಗೆ ದೀಪ ಇಡಲು ಹೋದಾಗ ಆ ಕೆನ್ನೆ ನೋಡಿದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ದೇವರ ಮೇಲೆ ಹೊಟ್ಟೆಕಿಚ್ಚು ಪಡಬಾರದು, ಗೊತ್ತು.

ಇಂಥವರಿಗೆ ನಮ್ಮ ಬಹಾಲಿನ, ಅಂದರೆ ಒಂದೇ ಅಂಗಳದ ಸುತ್ತ ಮನೆಗಳಿರುವ ನಮ್ಮ ವಠಾರದ, ಹಿರಿಯರು ಅಂಗಳದ ಗುಡಿಗೊಂದು ಬುದ್ಧನನ್ನು ಮಾಡಿಕೊಡಲು ಹೇಳಿದರು. ಅರಮನೆ ಬಿಟ್ಟು ಬಂದವನು, ಮೈಮೇಲೆ ಒಂದು ಬಟ್ಟೆ, ಅಷ್ಟೇ. ನಮ್ಮವರ ಮುಖ ಹುಳ್ಳಗಾಯಿತು.

"ಒಂದು ಬಳೆ ಇಲ್ಲ, ಒಂದು ಸರ ಇಲ್ಲ. ನಾನು ಮಾಡೋದಾದ್ರೂ ಏನು?"

"ಬುದ್ಧನ್ನ ಮಾಡಿ" ಅಂದೆ.

ಮೊದಲ ಮೇಣದ ಬುದ್ಧ ಸಿದ್ಧವಾಗುವ ಹೊತ್ತಿಗೆ ಬಟ್ಟೆಯ ಅಂಚಿಗೆ ಸದ್ದಿಲ್ಲದೆ ಮುತ್ತುಗಳು ಬಂದು ಕೂತಿದ್ದವು. ಹಿರಿಯರಲ್ಲೇ ಹಿರಿಯರಾದ ಮುನೀಂದ್ರ ಅಜ್ಜ ಕನ್ನಡಕ ಏರಿಸಿ ನೋಡಿ, "ಏನಯ್ಯಾ, ಇವನು ಕಾಡಿಗೆ ಹೊರಟಿದಾನೋ, ದಿಬ್ಬಣಕ್ಕೋ?" ಅಂದರು. ಎಲ್ಲ ಕೆರೆದು ಹಾಕಿ ಇನ್ನೊಂದು ಮಾಡಿದ್ದಾಯಿತು. ಅಜ್ಜ ಅದನ್ನೂ ತಿರುಗಿಸಿ ತಿರುಗಿಸಿ ನೋಡಿದರು.

"ಇವನು ಏನಾದ್ರೂ ಬಿಟ್ಟು ಬಂದ ಹಾಗೆ ಕಾಣೋಲ್ಲ. ಇವನ ಹತ್ರ ಮೊದಲಿಂದ್ಲೂ ಏನೂ ಇರ್ಲಿಲ್ಲ ಅನ್ಸುತ್ತೆ. ಹುಣ್ಣಿಮೆಗೆ ಸರಿಯಾದದ್ದು ತಾ. ಇಲ್ಲಾಂದ್ರೆ ನಿನ್ನ ತಮ್ಮ ಮಾಡ್ಲಿ."

ತಮ್ಮನ ಹೆಸರು ಬಂದದ್ದೇ ತಡ, ಇವರ ನಿದ್ದೆ ಹಾರಿಹೋಯಿತು. ಆ ತಮ್ಮನಿಗೆ ಮೇಣ ಹಿಡಿಯಲು ಕಲಿಸಿದವರೇ ಇವರು.

"ಅಣ್ಣನಿಗೆ ಒಡವೆ ಅಂಟಿಸೋದು ಬಿಟ್ರೆ ಏನೂ ಬರಲ್ಲ ಅಂತ ಊರೆಲ್ಲ ಹೇಳ್ಕೊಂಡು ಬರ್ತಾನೆ ನೋಡು" ಎಂದು ಅವಲಕ್ಕಿ ತಟ್ಟೆ ಸರಿಸಿದರು. ಪಾಪ ಅನಿಸಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಶುರುವಾಯಿತು ಹೊಸ ವರಸೆ. ನಾನು ಕಾಳು ಆರಿಸುತ್ತಿದ್ದರೆ ಪಕ್ಕದಲ್ಲಿ ಬಂದು ಕೂತು ನನ್ನ ಕಿವಿಯನ್ನೇ ನೋಡುವುದು. "ಆ ಕಡೆ ತಿರುಗು. ಕೂದಲು ಸರಿಸು." ದಾರ ಹಿಡಿದು ಅಳತೆ ತೆಗೆಯುವುದು. ಕಿವಿಯ ತೂತನ್ನು ಬೆರಳಿಂದ ಮುಟ್ಟಿ ನೋಡುವುದು.

ಬುದ್ಧ ಕೈಕೊಟ್ಟ ಮೇಲೆ ಹೆಂಡತಿ ನೆನಪಾಗಿದ್ದಾಳೆ ಅಂದುಕೊಂಡೆ! ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. ನೀರಿಗೆ ಹೋದಾಗ ಪಕ್ಕದ ಮನೆಯ ಮೋತಿಲಕ್ಷ್ಮಿಗೆ ಹೇಳಿಯೇಬಿಟ್ಟೆ.

"ಓಲೆಗೆ ಅಳತೆ ತಗೊಂಡ್ರು ಕಣೇ."

"ಯಾರು, ನಿಮ್ಮವ್ರಾ? ಸೂರ್ಯ ಇವತ್ತು ಯಾವ ಕಡೆ ಹುಟ್ಟಿದಾನೆ, ನೋಡ್ಕೊಂಡು ಬರ್ತೀನಿ ಇರು."

ಸಂಜೆಯೊಳಗೆ ಬಹಾಲಿಗೆಲ್ಲ ಸುದ್ದಿ. ನಾನು ಕಿವಿಗೆ ಸಾಸಿವೆ ಎಣ್ಣೆ ತಿಕ್ಕಿಕೊಂಡು ತಯಾರಾದೆ.

ಹುಣ್ಣಿಮೆಯ ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ಸೇರಿದರು. ನಮ್ಮವರು ಮೇಣದ ಬುದ್ಧನ ಮೇಲಿದ್ದ ಬಟ್ಟೆ ಸರಿಸಿದರು. ಜೋತುಬಿದ್ದ ಉದ್ದನೆಯ ಕಿವಿ. ಜಗ್ಗಿ ಜಗ್ಗಿ ಸಡಿಲಾದ ತೂತು. ಎಡಗಿವಿಯದು ಬಲಗಿವಿಯದಕ್ಕಿಂತ ತುಸು ಕೆಳಗೆ. ದಿನಾ ಕನ್ನಡಿಯಲ್ಲಿ ಕಾಣುವ ಕಿವಿ ನನಗೆ ಗುರುತು ಸಿಗದೇ? ಮೋತಿಲಕ್ಷ್ಮಿಗೂ ಸಿಕ್ಕಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು.

ಅಜ್ಜ ಆ ಕಿವಿಯನ್ನು ಮೆಲ್ಲಗೆ ಮುಟ್ಟಿದರು. "ಇಲ್ಲಿ ಓಲೆಯ ಭಾರ ಇತ್ತು. ಇವನೇ ಇಳಿಸಿಟ್ಟು ಬಂದಿದಾನೆ. ಈಗ ಬುದ್ಧ ಆದ."

"ಇಳಿಸಿದ್ದು ಅವನಲ್ಲ ಅಜ್ಜ, ನಾನು!" ನನ್ನ ಬಾಯಿಂದ ಬಂದೇಬಿಟ್ಟಿತು.

ನಮ್ಮವರು ನೆಲ ನೋಡುತ್ತ, ಎಲ್ಲರಿಗೂ ಕೇಳುವಂತೆ, "ಹೌದು, ಇವಳನ್ನ ನೋಡೇ ಮಾಡಿದ್ದು. ಬಿಚ್ಚಿಕೊಟ್ಟವರ ಕಿವಿ ನಾನು ಬೇರೆಲ್ಲೂ ನೋಡಿಲ್ಲ" ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿ ಬಂತು.

ಅಜ್ಜ ಬುದ್ಧನಿಗೆ ಕೈಮುಗಿದು, ಹಾಗೇ ನನ್ನ ಕಡೆಗೂ ತಿರುಗಿ ಕೈ ಜೋಡಿಸಿದರು. "ದೊಡ್ಡ ಮನಸ್ಸಮ್ಮ ನಿಂದು. ಇನ್ನು ನಿನಗೆ ಓಲೆ ಯಾತಕ್ಕೆ?"

ನಾನು ಕಣ್ಣೊರೆಸಿಕೊಂಡೆ. "ಅಜ್ಜ, ಒಡವೆ ಬೇಡ ಅಂದಿದ್ದು ಬುದ್ಧ. ನಾನು ಯಾವತ್ತು ಬೇಡ ಅಂದೆ?"

ಎಲ್ಲರೂ ಗೊಳ್ಳೆಂದು ನಕ್ಕರು. ನಮ್ಮವರು ಮಾತ್ರ ನಗಲಿಲ್ಲ. ಮನೆಗೆ ಬಂದವರೇ ಬುದ್ಧನ ಎರಕದ ಕೆಲಸವನ್ನು ಆಚೆಗಿಟ್ಟು, ನನ್ನ ಓಲೆಗೆಂದು ಕುಲುಮೆ ಹೊತ್ತಿಸಿದರು.