ಎರಡನೇ ಏಟು

"ಅತ್ತಿಗೆ, ಮತ್ತೆ ಅದೇನಾ? ಆ ಸ್ಪೀಕರ್‌ಗೂ ಸಾಕಾಗೋಗಿರತ್ತೆ!"

ಸುಜಯ್ ಹೊಸ್ತಿಲ ಮೇಲೆ ಕುಳಿತು ಸೇಫ್ಟಿ ಶೂ ಹಾಕಿಕೊಳ್ಳುತ್ತಿದ್ದ. ಅವನ ಅಣ್ಣ ಆಕರ್ಷ್ ತೀರಿಕೊಂಡ ಮೇಲೆ ಅವನು ದುಡಿಯುತ್ತಿದ್ದ ಪೀಣ್ಯದ ಕಾರ್ಖಾನೆ ಶೆಡ್‌ನವರೇ ಇವನನ್ನು ಹೆಲ್ಪರ್ ಆಗಿ ಸೇರಿಸಿಕೊಂಡಿದ್ದರು. ಇವತ್ತು ಮಧ್ಯಾಹ್ನದ ಪಾಳಿಯಿಂದ ಅಣ್ಣ ನಡೆಸುತ್ತಿದ್ದ, ತಗಡು ಒತ್ತುವ ಪ್ರೆಸ್ ಇವನದು.

ಸಮನ್ವಿತಾ ಫೋನಿನಿಂದ ಸ್ಪೀಕರಿಗೆ ಹಾಕಿದ್ದ ಹಾಡು ನಿಲ್ಲಿಸಲಿಲ್ಲ. ಅದು 'ಸೆಕೆಂಡ್ ಶಿಫ್ಟ್' ಎಂಬ ಬ್ಯಾಂಡಿನದು. ಕಾರ್ಖಾನೆ ನೌಕರರೇ ಕಟ್ಟಿದ್ದು. ಆಕರ್ಷ್ ಚಿಕ್ಕವನಿದ್ದಾಗಿನಿಂದ ರಾಜ್ಯೋತ್ಸವದ ವೇದಿಕೆಗಳಲ್ಲಿ ಗಿಟಾರ್ ಹಿಡಿದು ಗಂಟಲು ಹರಿಯುವಂತೆ ಹಾಡುತ್ತಿದ್ದವರು. ಅವಳಿಗೆ ಆ ಗದ್ದಲ ಸೇರುತ್ತಿರಲಿಲ್ಲ. ನಿವೃತ್ತರಾದ ಮೇಲೆ ಅವರು ಗಿಟಾರು, ಹಾಡುಗಾರಿಕೆ ಎರಡನ್ನೂ ಬಿಟ್ಟು, ಯಂತ್ರಗಳ ಸದ್ದನ್ನು ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ಹೆಣೆಯತೊಡಗಿದರು. ಮುದುಕರಿಗೆ ಕರೆಂಟ್ ಹೊಡೆದಿದೆ ಎಂದು ಹಳೆಯ ಅಭಿಮಾನಿಗಳು ನಕ್ಕರು. ಆಕರ್ಷ್ ಮಾತ್ರ, ತನ್ನ ಪ್ರೆಸ್ಸಿನ ಮುಂದೆ ಅವರು ಮೈಕ್ ಇಟ್ಟ ದಿನ, ಕುಣಿಯುತ್ತ ಮನೆಗೆ ಬಂದಿದ್ದ.

ಆ ಹಾಡು ಹೊರಬಂದಾಗ ಅವನಿರಲಿಲ್ಲ. ಸಿಕ್ಕಿಕೊಂಡ ತಗಡನ್ನು ಬಾಗಿ ಎಳೆಯುವಾಗ ತಾನೇ ಪೆಡಲ್ ತುಳಿದುಬಿಟ್ಟ ಎಂದಿದ್ದರು ಶೆಡ್‌ನವರು.

ಈ ಸದ್ದಿನೊಳಗೆ ಅವನಿನ್ನೂ ತುಳಿಯುತ್ತಿದ್ದ. ತುಳಿತಕ್ಕೊಂದು ಏಟು. ಧಡ್. ತಗಡು ಸರಿಸುವಷ್ಟು ಹೊತ್ತು. ಧಡ್. ಹಿಂದೆ ಸಣ್ಣಗೆ ಗುಂಯ್‌ಗುಡುವ ಕೀಬೋರ್ಡು. ಇದನ್ನು ಹಾಕಿಕೊಂಡರೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು. ಒಂದೇ ಒಂದು ಕಡೆ ಏಟು ಜೋಡಿಯಾಗಿ ಬೀಳುತ್ತಿತ್ತು. ಮೈಕ್ ಕಂಡು ಅವನು ಮಾಡಿದ ತುಂಟಾಟ ಎಂದುಕೊಂಡಿದ್ದಳು. ಆ ಜಾಗಕ್ಕಾಗಿಯೇ ಮತ್ತೆ ಮತ್ತೆ ಕೇಳುತ್ತಿದ್ದಳು.

ಈಗ ಅದು ಬಂತು. ಧಡ್‌ಧಡ್.

"ಥೂ, ಇಲ್ಲೂ ಡಬಲ್ ಹೊಡೀತಿದೆ," ಸುಜಯ್ ನಕ್ಕ.

"ಏನದು?"

"ನಮ್ ಪ್ರೆಸ್ಸು. ಒಂದ್ಸಲ ತುಳಿದ್ರೆ ಒಂದೊಂದ್ಸಲ ತಾನೇ ಎರಡ್ಸಲ ಇಳಿಯತ್ತೆ. ಕಾಲು ತೆಗೆದಿದ್ರೂನೂ."

"ಕಾಲು ತೆಗೆದಿದ್ರೂ?" ಅವಳು ಅವನತ್ತ ತಿರುಗಿದಳು. "ರಿಪೇರಿ ಮಾಡ್ಸಿಲ್ವಾ?"

"ಆಯುಧಪೂಜೆಲಿ ಅದಕ್ಕೇ ಅಂತ ದೊಡ್ಡ ಕುಂಬಳಕಾಯಿ ಒಡೆಸಿದ್ರು. ಅಣ್ಣಂದಾದ್ಮೇಲೆ ಹೋಮನೂ ಆಯ್ತು. ಇನ್ನೇನಾಗಲ್ಲ ಬಿಡಿ."

"ಹೊಸ್ತಿಲ ಮೇಲೆ ಕೂತು ಅದೇನೋ ಹರಟೆ? ಏಳೋ, ಹೊತ್ತಾಯ್ತು," ಎಂದು ಅತ್ತೆ ವಾಸಂತಿ ಅಡುಗೆಮನೆಯಿಂದ ಬಂದು ಬುತ್ತಿ ಕೊಟ್ಟರು. ಅವನು ಎದ್ದು ಮೆಟ್ಟಿಲಿಳಿದ.

"ಸುಜಯ್, ನಿಲ್ಲು!"

ವಾಸಂತಿಯ ಒದ್ದೆ ಕೈ ಅವಳ ಬಾಯಿ ಮುಚ್ಚಿತು. "ಹೊರಟೋನ್ನ ಹಿಂದಿಂದ ಕರೀತಾರೇನೇ? ಒಬ್ಬನ್ನ ಕಳ್ಕೊಂಡಿದ್ದು ಸಾಲ್ದಾ?"

ಕೆಳಗೆ ಬೈಕು ಸ್ಟಾರ್ಟಾಯಿತು. ಸಮನ್ವಿತಾ ಆ ಕೈ ಬಿಡಿಸಿಕೊಂಡು ಬೀದಿಗೆ ಓಡುವಷ್ಟರಲ್ಲಿ ತಿರುವು ಬರಿದಾಗಿತ್ತು. ಒಳಗೆ ಬಂದು ಫೋನಿನಲ್ಲಿ ಸುಜಯ್‌ನ ನಂಬರ್ ಒತ್ತಿದಳು. ಹಾಡು ತಟ್ಟನೆ ನಿಂತಿತು.

ಫೋನಿನ ರಿಂಗು ಈಗ ಅದೇ ಸ್ಪೀಕರಿನಿಂದ ಬರತೊಡಗಿತು. ಒಂದು. ತಗಡು ಸರಿಸುವಷ್ಟು ಹೊತ್ತು. ಮತ್ತೊಂದು.