ಸುಲಭಾ ಬರೆದ ಮುಕ್ತಾಯ

ಅಂದೇ ಹೇಳಿದ್ದರೆ ಕಾಕಾ ಮನಸ್ಸು ಬದಲಿಸುತ್ತಿದ್ದರೇನೋ, ಇಲ್ಲವೇನೋ. ಪ್ರಲ್ಹಾದನಿಗೆ ಇಂದಿಗೂ ತಿಳಿಯದು.

ಪುಣೆಯ ಶಿವಾಜಿನಗರವನ್ನು ಇನ್ನೂ ಭಾಂಬುರ್ಡೆ ಎನ್ನುತ್ತಿದ್ದ ಕಾಲ. ಧಾರವಾಡದಿಂದ ಬಂದ ಅವನು ಅಲ್ಲಿ ಕಾಕಾನ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದ. ಕನ್ನಡ ವಿದ್ಯಾರ್ಥಿಗಳ ಸ್ಪರ್ಧೆಗೆ ‘ಹೆಣ್ಣುಮಕ್ಕಳಿಗೆ ಕಾಲೇಜು ಬೇಕೇ?’ ಎಂಬ ಪ್ರಬಂಧ ಬರೆದು, ಅಕ್ಷರ ಚೆಂದವೆಂದು ಕಾಕಾನ ಮಗಳು ಸುಲಭಾಳಿಗೆ ಪ್ರತಿ ಮಾಡಲು ಕೊಟ್ಟ. ಅವಳು ಆಗಷ್ಟೇ ಮ್ಯಾಟ್ರಿಕ್ ಪಾಸಾಗಿದ್ದಳು. ಮುಂದೆ ಓದಿಸುವುದಿಲ್ಲವೆಂದು ಕಾಕಾ ಹೇಳಿಬಿಟ್ಟಿದ್ದರು.

“ಸುರುವಾತ ಭಾಳ ಜೋರ್ ಅದ, ಪ್ರಲ್ಹಾದಣ್ಣಾ,” ಎಂದಳು. “ಕೊನೀಗೆ ಮಾತ್ರ ಹೌದೂ ಅಂದೀ, ಅಲ್ಲಾನೂ ಅಂದೀ. ಬೀಗರ ಮನ್ಯಾಗ ಊಟಕ್ಕ ಕೂತವರಂಗ ಯಾಕ ನಾಚತಿ?”

ಪ್ರತಿಯಲ್ಲಿ ಅವನ ಮುಕ್ತಾಯ ಇರಲಿಲ್ಲ. ಅದರ ಜಾಗದಲ್ಲಿ ಅವಳು ಬರೆದಿದ್ದಳು: ‘ಬೇಕೋ ಬೇಡವೋ ಎಂದು ಊರನ್ನೆಲ್ಲ ಕೇಳಿದೆವು. ಮನೆಯ ಹುಡುಗಿಯನ್ನು ಯಾರೂ ಕೇಳಲಿಲ್ಲ.’ ಅವನು ಅದನ್ನು ಹಾಗೆಯೇ ಸ್ಪರ್ಧೆಗೆ ಕೊಟ್ಟ.

ಬಹುಮಾನ ಬಂತು. ಕಾಕಾ ಆ ಕೊನೆಯನ್ನು ಎರಡು ಸಲ ಓದಿದರು. “ಇಂಥಾ ತಲಿ ಇದ್ದವರನ್ನ ಎಷ್ಟಾದರೂ ಓದಸಬೇಕಪಾ,” ಎಂದು ಅವನ ಬೆನ್ನು ತಟ್ಟಿದರು. ಒಳಗೆ ಸುಲಭಾ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಆ ಸಾಲುಗಳು ಅವಳವು ಎಂದು ಅವನು ಹೇಳಲೇ ಇಲ್ಲ.